ಪ್ರಶ್ನೋತ್ತರ: ಕಬ್ಬು ಕಡಿಯುವವರ ಟೋಳಿ (ತಂಡ) ಜೊತೆ ಹೋಗುವ ಹುಡುಗಿ, ಅವಳ ಶಾಲೆ

ಈ ವಾರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಮಹಾರಾಷ್ಟ್ರದ ಜತ್ ತಾಲೂಕಿನ ಜಿಲ್ಲಾ ಪರಿಷತ್ ಕನ್ನಡ ಶಾಲೆಗಳಲ್ಲಿ 28 ವರ್ಷ ಕಲಿಸಿ, ಮುಖ್ಯಾಧ್ಯಾಪಕಿಯಾಗಿ ನಿವೃತ್ತರಾದ ಅಕ್ಕೋರು. ವಿಷಯ: ಹೆಣ್ಣುಮಕ್ಕಳ ದುಡಿಮೆ ಮತ್ತು ಓದು. ಪ್ರಶ್ನೆ ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ (ಉಮದಿ ಕಡೆಯವರು): ಅಕ್ಕೋರೆ, ನಮಸ್ಕಾರ. ನನ್ನ ಅಕ್ಕನ ಮಗಳು ಆರನೇ ಇಯತ್ತೆ (ತರಗತಿ). ಅಕ್ಕ, ಭಾವ ದಸರೆ ಮುಗಿದ ಮೇಲೆ ಕಬ್ಬು ಕಡಿಯಲು ಕೊಲ್ಲಾಪುರ ಕಡೆ ಹೋಗುತ್ತಾರೆ. ಟೋಳಿ ಕರೆದೊಯ್ಯುವ ಮುಕಾದಮನ ಹತ್ತಿರ ಉಚಲ್ (ಮುಂಗಡ ಹಣ) ತೆಗೆದುಕೊಂಡಾಗಿದೆ. ಚಿಕ್ಕ ಕೂಸಿಗೆ ಎಂಟು ತಿಂಗಳು. ಅದನ್ನು ನೋಡಿಕೊಳ್ಳಲು ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ ಅಂತಾರೆ. ಅವಳು ಕಬ್ಬು ಮುಟ್ಟುವುದಿಲ್ಲ, ಬರೀ ಕೂಸು ಹಿಡಿಯುವುದು. ಯುಗಾದಿ ಹೊತ್ತಿಗೆ ವಾಪಸ್. ಹೆಸರು ಹಾಜರಿಯಲ್ಲಿ ಇದ್ದೇ ಇರುತ್ತದೆ, ಮುಂದಿನ ವರ್ಷ ಏಳನೆಗೆ ಹೋಗುತ್ತಾಳೆ. ಹಾಗಾದರೆ ನಷ್ಟ ಏನು ಅಂತ ಭಾವ ಕೇಳುತ್ತಾರೆ. ನಾನು ಪುಣೆಯಲ್ಲಿದ್ದೇನೆ. ಫೋನಿನಲ್ಲಿ ಏನು ಹೇಳಲಿ?

ಉತ್ತರ: "ಬರೀ ಕೂಸು ಹಿಡಿಯುವುದು" ಅಂದಿರಿ ಅಲ್ವಾ, ಅಲ್ಲಿಂದಲೇ ಶುರು ಮಾಡುತ್ತೇನೆ. ನಾನು ಕೆಲಸದಲ್ಲಿದ್ದಾಗ ಒಂದು ವರ್ಷ ನಮ್ಮ ತರಗತಿಯ ಒಂಬತ್ತು ಮಕ್ಕಳು ಟೋಳಿ ಜೊತೆ ಹೋದರು. ಅದರಲ್ಲಿ ಏಳು ಹುಡುಗಿಯರು. ಜನವರಿಯಲ್ಲಿ ಎರಡು ದಿನ ರಜೆ ಹಾಕಿ ಅವರನ್ನು ಹುಡುಕಿಕೊಂಡು ಹೋದೆ. ಕಾರ್ಖಾನೆ ಹತ್ತಿರದ ಬಯಲಿನಲ್ಲಿ ಸಾಲಾಗಿ ತಾಡಪತ್ರಿ ಗುಡಿಸಲು. ದೊಡ್ಡವರು ಯಾರೂ ಇರಲಿಲ್ಲ. ಇದ್ದವರೆಲ್ಲ ಹತ್ತು-ಹನ್ನೆರಡು ವರ್ಷದ ಹುಡುಗಿಯರು, ಅವರ ಸೊಂಟದ ಮೇಲೆ ಒಂದೊಂದು ಕೂಸು.

ಅವರ ದಿನ ಹೇಗಿತ್ತು ಅಂದರೆ, ತಾಯಿ ಬೆಳಗಿನ ನಾಲ್ಕಕ್ಕೇ ಫಡಕ್ಕೆ, ಅಂದರೆ ಕಬ್ಬು ಕಡಿಯುವ ಹೊಲಕ್ಕೆ ಹೋಗುತ್ತಾಳೆ. ಇವಳು ಎದ್ದು ನೀರು ತರಬೇಕು. ಬೋರ್‌ವೆಲ್ ಎಲ್ಲಿದೆಯೋ ಅಲ್ಲಿಗೆ ನಾಲ್ಕೈದು ಸಲ. ಒಲೆ ಹಚ್ಚಿ ರೊಟ್ಟಿ ಬಡಿಯಬೇಕು. ಬುತ್ತಿ ಕಟ್ಟಿಕೊಂಡು, ಕೂಸು ಎತ್ತಿಕೊಂಡು ಫಡಕ್ಕೆ ನಡೆಯಬೇಕು, ಯಾಕೆಂದರೆ ಕೂಸಿಗೆ ಹಾಲು ತಾಯಿಯ ಹತ್ತಿರವೇ ಇದೆ. ಮಧ್ಯಾಹ್ನ ಅಲ್ಲೇ ಕೂತಿರುವಾಗ "ಸುಮ್ನೆ ಕೂತೀಯಲ್ಲ, ಒಂದೆರಡು ಹೊರೆ ಕಟ್ಟು" ಅಂತಾರೆ. ಟನ್ ಲೆಕ್ಕದ ಕೂಲಿ ಅದು. ಒಂದು ಕೈ ಜಾಸ್ತಿಯಾದಷ್ಟೂ ಕಬ್ಬು ಜಾಸ್ತಿ, ಕಬ್ಬು ಜಾಸ್ತಿಯಾದಷ್ಟೂ ಉಚಲ್ ಬೇಗ ತೀರುತ್ತದೆ. ಹಾಗಾಗಿ ಯಾವ ತಂದೆಯೂ ಮಗಳನ್ನು ಕಬ್ಬಿಗೆ ಹಾಕಬೇಕು ಅಂತ ಕರೆದುಕೊಂಡು ಹೋಗುವುದಿಲ್ಲ. ಆದರೆ ಆ ಲೆಕ್ಕ ಅವಳ ಕೈಯನ್ನೂ ಸೇರಿಸಿಕೊಂಡು ಬಿಡುತ್ತದೆ. ರಾತ್ರಿ ಟ್ರಕ್ ಬಂದರೆ ಗಂಡ-ಹೆಂಡತಿ ಇಬ್ಬರೂ ಲೋಡ್ ಮಾಡಲು ಹೋಗುತ್ತಾರೆ. ಕೂಸು ಎದ್ದು ಅತ್ತರೆ ಇವಳೇ ತಟ್ಟಬೇಕು.

ಒಬ್ಬ ಹುಡುಗಿ ನನ್ನನ್ನು ನೋಡಿದ ಕೂಡಲೇ ಗುಡಿಸಲೊಳಗೆ ಓಡಿದಳು. ಗಳದ ಸಂದಿಯಲ್ಲಿ ಗೊಬ್ಬರದ ಚೀಲ ಸಿಕ್ಕಿಸಿದ್ದಳು. ಅದರಲ್ಲಿ ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯ) ಕನ್ನಡ ಪುಸ್ತಕ. ಹೊಗೆಗೆ ಅಂಚೆಲ್ಲ ಕಪ್ಪಾಗಿತ್ತು. ಒಂದು ಪುಟ ತೆಗೆದು, "ಅಕ್ಕೋರೆ, ಇಲ್ಲಿಗೆ ಬಿಟ್ಟಿದ್ರಿ" ಅಂದಳು. ದೀಪಾವಳಿ ರಜೆಗೆ ಮುಂಚೆ ನಾವು ನಿಲ್ಲಿಸಿದ ಪಾಠ ಅದು. ಓದಲು ಹೇಳಿದೆ. ಎರಡು ಸಾಲು ಓದುವಷ್ಟರಲ್ಲಿ ಸೊಂಟದ ಮೇಲಿದ್ದ ಕೂಸು ಪುಟ ಹಿಡಿದು ಎಳೆಯಿತು. ಅವಳು ಪುಸ್ತಕ ಮಡಚಿ ಮತ್ತೆ ಚೀಲಕ್ಕೆ ಹಾಕಿದಳು. ಕೂಸಿನ ಕೈಗೆ ಸಿಕ್ಕರೆ ಹರಿಯುತ್ತದೆ ಅಂತ.

ಈಗ ನಷ್ಟದ ಮಾತು. ನಿಮ್ಮ ಭಾವ ಹೇಳಿದ್ದು ನಿಜ, ಹೆಸರು ಹಾಜರಿಯಲ್ಲಿ ಇರುತ್ತದೆ. ಆರನೆಯಲ್ಲಿ ನಾಪಾಸ್ ಮಾಡುವುದಿಲ್ಲ, ಏಳನೆಗೆ ಹೋಗುತ್ತಾಳೆ. ಆದರೆ ಹಂಗಾಮು ಅಂದರೆ ಹೆಚ್ಚುಕಡಿಮೆ ಶಾಲೆಯ ಇಡೀ ಎರಡನೆ ಸತ್ರ (ಅರ್ಧವರ್ಷ). ಆರನೆಯ ಗಣಿತದಲ್ಲಿ ಅನುಪಾತ, ಶೇಕಡಾ, ಲಾಭ-ನಷ್ಟ, ಬಡ್ಡಿ, ಇವೆಲ್ಲ ದೀಪಾವಳಿ ಆದ ಮೇಲಿನ ಪಾಠಗಳು. ಇದನ್ನು ಭಾವನಿಗೆ ಹೀಗೆಯೇ ಹೇಳಿ: ಉಚಲ್ ಎಷ್ಟು, ಖಾಡಾ (ಕೆಲಸ ತಪ್ಪಿದ ದಿನದ ಕಡಿತ) ಎಷ್ಟು ಹಿಡಿದರು, ಎಷ್ಟು ಟನ್‌ಗೆ ಎಷ್ಟು ಆಯಿತು, ಇನ್ನೂ ಎಷ್ಟು ಬಾಕಿ, ಈ ಲೆಕ್ಕವನ್ನು ಮುಕಾದಮನ ವಹಿಯಲ್ಲಿ (ಲೆಕ್ಕದ ಪುಸ್ತಕದಲ್ಲಿ) ನೋಡಿ ಹೇಳಬಲ್ಲವಳು ಮನೆಯಲ್ಲಿ ಅವಳೊಬ್ಬಳೇ ಆಗುತ್ತಾಳೆ. ಅದನ್ನು ಕಲಿಯಬೇಕಾದ ತಿಂಗಳುಗಳಲ್ಲೇ ಅವಳು ಅಲ್ಲಿರುತ್ತಾಳೆ. ನಾನು ಎಷ್ಟೋ ತಂದೆಯರಿಗೆ ಕಾನೂನು ಹೇಳಿ ಸೋತಿದ್ದೇನೆ. ಈ ಮಾತು ಹೇಳಿದಾಗ ಕೆಲವರು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಾರೆ.

ವಾಪಸ್ ಬಂದ ಮೇಲೆ ಏನಾಗುತ್ತದೆ ಎಂಬುದನ್ನೂ ಕೇಳಿ. ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾಳೆ. ಗೊತ್ತಿಲ್ಲ ಅಂತ ಹೇಳಲು ನಾಚಿಕೆ. ಮುಂದಿನ ವರ್ಷ ಮತ್ತೆ ಹಂಗಾಮು. ಎರಡು-ಮೂರು ಹಂಗಾಮು ಕಳೆದರೆ ಎಂಟನೆಗೆ ಬಂದಿರುತ್ತಾಳೆ. ಎಂಟನೆಯಲ್ಲಿ ಈಗ ಮತ್ತೆ ಪಾಸ್-ನಾಪಾಸ್ ಇದೆ. ಅಷ್ಟೊತ್ತಿಗೆ ಮೈನೆರೆದಿರುತ್ತಾಳೆ. ಗುಡಿಸಲಿಗೆ ಬಾಗಿಲಿಲ್ಲ, ಶೌಚಾಲಯವಿಲ್ಲ, ಅಲ್ಲಿ ಒಬ್ಬಳನ್ನೇ ಬಿಟ್ಟು ಫಡಕ್ಕೆ ಹೋಗಲು ತಾಯಿಗೆ ಭಯ. ಊರಲ್ಲಿ ಬಿಡಲೂ ಭಯ. ಆಗ ಮದುವೆ ಮಾತು ಬರುತ್ತದೆ. ಟೋಳಿಯಲ್ಲಿ "ಒಂದು ಕೊಯ್ತಾ" ಅಂದರೆ ಗಂಡ-ಹೆಂಡತಿ ಜೋಡಿ. ಉಚಲ್ ಕೊಡುವುದೂ ಜೋಡಿಗೆ. ಹುಡುಗನ ಮನೆಯವರಿಗೂ ಹಂಗಾಮಿಗೆ ಮುಂಚೆ ಒಂದು ಜೋಡಿ ಬೇಕಾಗಿರುತ್ತದೆ. 18 ತುಂಬದೆ ಮದುವೆ ಮಾಡಿದರೆ ಅಪರಾಧ ಅಂತ ಎಲ್ಲರಿಗೂ ಗೊತ್ತು. ಆದರೂ ಆಗುತ್ತದೆ. ಆ ಮದುವೆಯ ಬೇರು ಎಲ್ಲಿದೆ ಅಂತ ಹುಡುಕಿದರೆ, ನನ್ನ ಅನುಭವದಲ್ಲಿ, ಐದನೆಯಲ್ಲೋ ಆರನೆಯಲ್ಲೋ "ಬರೀ ಕೂಸು ಹಿಡಿಯಲು" ಹೋದ ಮೊದಲ ಹಂಗಾಮಿನಲ್ಲಿರುತ್ತದೆ.

ಇನ್ನೊಂದು ಮಾತು. 2011ರ ಜನಗಣತಿಯಲ್ಲಿ ದೇಶದಲ್ಲಿ 5ರಿಂದ 14 ವರ್ಷದ ಸುಮಾರು 1 ಕೋಟಿ ಮಕ್ಕಳು ದುಡಿಯುವವರು ಅಂತ ಲೆಕ್ಕ ಬಂತು. ಮನೆಗೆಲಸ, ಕೂಸು ನೋಡುವುದು, ನೀರು ಹೊರುವುದು, ಇವನ್ನು ಜನಗಣತಿ ದುಡಿಮೆ ಅಂತ ಹಿಡಿಯುವುದಿಲ್ಲ. ಅಂದರೆ ನಿಮ್ಮ ಅಕ್ಕನ ಮಗಳಂಥ ಹುಡುಗಿ ಆ ಒಂದು ಕೋಟಿಯಲ್ಲೂ ಇಲ್ಲ. ಶಾಲೆಯ ಹಾಜರಿಯಲ್ಲಿ ಹೆಸರಿದೆ, ಹಾಗಾಗಿ ಶಾಲೆ ಬಿಟ್ಟವರ ಲೆಕ್ಕದಲ್ಲೂ ಇಲ್ಲ. ಇದು ನನಗೆ ಇವತ್ತಿಗೂ ತಡೆಯಲಾಗದ ಸಂಕಟ.

ಮತ್ತೆ ಅವರೇ: ಅಕ್ಕೋರೆ, ಅಕ್ಕನಿಗೆ ಓದಿ ಹೇಳಿದೆ. ಅತ್ತಳು. ಆದರೆ ಅವಳದ್ದೂ ಒಂದು ಪ್ರಶ್ನೆ. ಊರಲ್ಲಿ ಅಜ್ಜಿ ಇದ್ದಾಳೆ, ಹುಡುಗಿಯನ್ನು ಅಜ್ಜಿ ಹತ್ತಿರ ಬಿಡಬಹುದು. ಕೂಸಿಗೆ ಯಾರು? ಉಚಲ್ ತೆಗೆದುಕೊಂಡು ಹೋಗದಿದ್ದರೆ ಮುಕಾದಮ ಬಿಡುತ್ತಾನಾ?

ಉತ್ತರ: ನಿಮ್ಮ ಅಕ್ಕ ಸರಿಯಾದ ಪ್ರಶ್ನೆ ಕೇಳಿದ್ದಾರೆ. ಹುಡುಗಿಯ ಶಾಲೆ ಉಳಿಯಬೇಕಾದರೆ ಮೊದಲು ಕೂಸಿಗೆ ಜಾಗ ಹುಡುಕಬೇಕು.

ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರರಿಂದ ಆರು ವರ್ಷದ ಮಕ್ಕಳನ್ನು. ಎಂಟು ತಿಂಗಳ ಕೂಸಿಗೆ ಅಲ್ಲಿ ಮನೆಗೆ ಒಯ್ಯುವ ಆಹಾರ ಸಿಗುತ್ತದೆ, ಚುಚ್ಚುಮದ್ದಿನ ಮಾಹಿತಿ ಸಿಗುತ್ತದೆ, ದಿನವಿಡೀ ಹಿಡಿದುಕೊಳ್ಳುವ ಕೈ ಸಿಗುವುದಿಲ್ಲ. ಹಾಗಾಗಿ ನಾನು ಕಂಡ ಒಂದು ದಾರಿ ಹೇಳುತ್ತೇನೆ. ಒಂದು ಟೋಳಿಯಲ್ಲಿ ಐದಾರು ಚಿಕ್ಕ ಕೂಸುಗಳಿದ್ದವು. ಅವರೆಲ್ಲ ಸೇರಿ ಊರಿನ ಒಬ್ಬ ವಯಸ್ಸಾದ ಹೆಂಗಸನ್ನು ಜೊತೆಗೆ ಕರೆದುಕೊಂಡು ಹೋದರು. ಆಕೆಗೆ ಕಬ್ಬು ಕಡಿಯುವ ಶಕ್ತಿ ಇರಲಿಲ್ಲ, ಕೂಸು ನೋಡುವ ಶಕ್ತಿ ಇತ್ತು. ಪ್ರತಿ ಕೊಯ್ತಾದಿಂದ ವಾರಕ್ಕೆ ಇಷ್ಟು ಅಂತ ಹಣ, ಊಟ ಸರದಿಯ ಮೇಲೆ. ಆ ಹಂಗಾಮಿನಲ್ಲಿ ಆ ಟೋಳಿಯ ನಾಲ್ಕು ಹುಡುಗಿಯರು ಊರಲ್ಲೇ ಉಳಿದರು. ಸರ್ಕಾರದ ಯೋಜನೆ ಏನೂ ಅಲ್ಲ, ಹೆಂಗಸರೇ ಮಾತಾಡಿ ಮಾಡಿಕೊಂಡಿದ್ದು. ನಿಮ್ಮ ಅಕ್ಕ ಟೋಳಿಯ ಉಳಿದ ತಾಯಂದಿರ ಹತ್ತಿರ ಈಗಲೇ ಮಾತಾಡಲಿ. ಹೊರಡುವ ಹಿಂದಿನ ದಿನ ಮಾತಾಡಿದರೆ ಆಗುವುದಿಲ್ಲ.

ಉಚಲ್ ವಿಷಯದಲ್ಲಿ ಸುಳ್ಳು ಧೈರ್ಯ ಕೊಡುವುದಿಲ್ಲ. ತೆಗೆದುಕೊಂಡಾಗಿದೆ, ಈ ವರ್ಷ ಅವರು ಹೋಗಲೇಬೇಕಾಗುತ್ತದೆ. ಆದರೆ ಉಚಲ್ ತೆಗೆದುಕೊಂಡಿದ್ದು ಜೋಡಿಯ ಲೆಕ್ಕದಲ್ಲಿ. ಅದರಲ್ಲಿ ಹುಡುಗಿಯ ಹೆಸರಿಲ್ಲ. ಅವಳನ್ನು ಕರೆತರಲೇಬೇಕು ಅಂತ ಮುಕಾದಮ ಕೇಳುವ ಹಾಗಿಲ್ಲ.

ಹುಡುಗಿ ಅಜ್ಜಿಯ ಹತ್ತಿರ ಉಳಿದರೆ ಶಾಲೆಗೆ ತಕ್ಷಣ ತಿಳಿಸಿ. ವಲಸೆ ಹೋಗುವವರ ಮಕ್ಕಳಿಗಾಗಿ ಮಹಾರಾಷ್ಟ್ರದಲ್ಲಿ ಹಂಗಾಮಿ ವಸತಿಗೃಹ ಅಂತ ಇದೆ. ಹಂಗಾಮಿನ ತಿಂಗಳುಗಳಲ್ಲಿ ಮಕ್ಕಳು ಊರಲ್ಲೇ ಉಳಿಯಲಿ ಅಂತ ಅವರ ಊಟದ ವ್ಯವಸ್ಥೆ ಮಾಡುತ್ತಾರೆ. ಶಾಲಾ ವ್ಯವಸ್ಥಾಪನ ಸಮಿತಿಯ ಮೂಲಕ ಅರ್ಜಿ ಹೋಗಬೇಕು, ಎಷ್ಟು ಮಕ್ಕಳು ಅಂತ ಪಟ್ಟಿ ಬೇಕು. ಪಟ್ಟಿ ತಡವಾದರೆ ಮಂಜೂರಿ ಬರುವಷ್ಟರಲ್ಲಿ ಅರ್ಧ ಹಂಗಾಮು ಮುಗಿದಿರುತ್ತದೆ. ಅದಕ್ಕೇ ಗಣಪತಿ ಹಬ್ಬದ ಹೊತ್ತಿಗೇ ಹೆಸರು ಕೊಡಿ ಅಂತ ನಾನು ಪ್ರತಿ ವರ್ಷ ಮನೆ ಮನೆಗೆ ಹೋಗಿ ಹೇಳುತ್ತಿದ್ದೆ.

ಅಜ್ಜಿಗೂ ಒಂದು ಮಾತು ಹೇಳಿ. ಹುಡುಗಿ ಉಳಿದಿದ್ದು ಓದಲು. ಅಜ್ಜಿಯ ಮನೆಯ ದನ, ಸಗಣಿ, ನೀರು ಎಲ್ಲ ಅವಳ ತಲೆಗೆ ಬಂದರೆ ಗುಡಿಸಲಿನಿಂದ ಮನೆಗೆ ಬದಲಾಯಿತು ಅಷ್ಟೇ. ಅಣ್ಣ ಇದ್ದರೆ ಅವನೂ ಒಂದು ಕೊಡ ನೀರು ತರಲಿ. ಎಷ್ಟೋ ಮನೆಗಳಲ್ಲಿ ಗಂಡುಮಗ ಅಜ್ಜಿಯ ಹತ್ತಿರ ಶಾಲೆಗೆ, ಹೆಣ್ಣುಮಗಳು ಟೋಳಿಗೆ. ಒಂದೇ ಮನೆ, ಒಂದೇ ಬಡತನ, ಇಬ್ಬರಿಗೆ ಎರಡು ನ್ಯಾಯ. ಇದು ನನಗೆ ತುಂಬಾ ನೋವು ಕೊಟ್ಟ ಸಂಗತಿ.

ಪ್ರಶ್ನೆ (ಸಂಖ ಹತ್ತಿರದವರು): ನಮಗೆ ಊರಲ್ಲಿ ಯಾರೂ ಇಲ್ಲ, ಮಗಳನ್ನು ಕರೆದುಕೊಂಡೇ ಹೋಗಬೇಕು. ನಾಲ್ಕನೇ ಇಯತ್ತೆ, ಕನ್ನಡ ಮಾಧ್ಯಮ. ಅಲ್ಲಿ ಇರುವುದು ಮರಾಠಿ ಶಾಲೆ. ಸೇರಿಸಿಕೊಳ್ಳುತ್ತಾರಾ? ಸೇರಿಸಿಕೊಂಡರೂ ಏನು ಓದುತ್ತಾಳೆ?

ಉತ್ತರ: ಸೇರಿಸಿಕೊಳ್ಳಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವನ್ನು ಟಿಸಿ ಇಲ್ಲ, ಜನ್ಮ ದಾಖಲೆ ಇಲ್ಲ, ವರ್ಷದ ನಡುವೆ ಬಂದಿದ್ದೀರಿ ಅಂತ ವಾಪಸ್ ಕಳಿಸುವ ಹಾಗಿಲ್ಲ. ಹೊರಡುವ ಮುಂಚೆ ನಿಮ್ಮ ಶಾಲೆಯಿಂದ ಶಿಕ್ಷಣ ಹಮಿ ಕಾರ್ಡ್ ಬರೆಸಿಕೊಳ್ಳಿ. ಮಗಳು ಯಾವ ಇಯತ್ತೆ, ಎಲ್ಲಿಯವರೆಗೆ ಕಲಿತಿದ್ದಾಳೆ ಅಂತ ಅದರಲ್ಲಿ ಇರುತ್ತದೆ. ಅದನ್ನು ಅಲ್ಲಿಯ ಶಾಲೆಗೆ ಕೊಡಿ. ವಾಪಸ್ ಬರುವಾಗ ಅಲ್ಲಿಂದಲೂ ಹಾಜರಿ ಬರೆಸಿಕೊಂಡು ಬನ್ನಿ.

ಭಾಷೆಯ ಕಷ್ಟ ಮಾತ್ರ ನಿಜವಾದ ಕಷ್ಟ. ಮರಾಠಿ ಮಾತಾಡುವ ಬೀಡ್ ಜಿಲ್ಲೆ ಕಡೆಯಿಂದ ಬಂದ ಮಗುವಿಗೆ ಅಲ್ಲಿಯ ಶಾಲೆಯ ಮಾತು ಅರ್ಥವಾಗುತ್ತದೆ. ನಮ್ಮ ಮಗುವಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ಅಲ್ಲಿ ಮಾತ್ರ ಒಮ್ಮೆಲೇ ಮರಾಠಿ. ಮೂರು ದಿನ ಹೋಗಿ ನಾಲ್ಕನೆ ದಿನ "ಒಲ್ಲೆ" ಅಂತ ಗುಡಿಸಲಲ್ಲಿ ಕೂತುಬಿಡುತ್ತದೆ. ಗುಡಿಸಲಲ್ಲಿ ಕೂತ ಹುಡುಗಿಗೆ ಕೆಲಸ ತಾನಾಗಿ ಬರುತ್ತದೆ. ಹಾಗಾಗಿ ಅವಳ ಕನ್ನಡ ಪುಸ್ತಕಗಳನ್ನು ಮರೆಯದೆ ಒಯ್ಯಿರಿ. ನಮ್ಮ ಕನ್ನಡ ಶಾಲೆಗೂ ಅಲ್ಲಿಯ ಮರಾಠಿ ಶಾಲೆಗೂ ಪುಸ್ತಕ ಮಾಡುವುದು ಬಾಲಭಾರತಿಯೇ. ಗಣಿತದ ಪಾಠ, ಚಿತ್ರ ಅದೇ ಇರುತ್ತದೆ, ಭಾಷೆ ಮಾತ್ರ ಬೇರೆ. ಎರಡೂ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡರೆ ಮಗು ಹೊಂದಿಸಿಕೊಳ್ಳುತ್ತದೆ. ಅಲ್ಲಿಯ ಗುರುಗಳಿಗೆ ಇದನ್ನು ಒಮ್ಮೆ ತೋರಿಸಿಕೊಡಿ, ಬಹಳ ಜನ ಖುಷಿಯಿಂದ ಒಪ್ಪುತ್ತಾರೆ. ಬೆಳಗಾವಿ, ಬಾಗಲಕೋಟೆ ಕಡೆಯ ಕಾರ್ಖಾನೆಗೆ ಹೋಗುವ ಟೋಳಿಯಾದರೆ ಅಲ್ಲಿ ಕನ್ನಡ ಶಾಲೆಯೇ ಸಿಗುತ್ತದೆ, ಆದರೆ ಪಠ್ಯ ಕರ್ನಾಟಕದ್ದು. ಅದಕ್ಕೂ ಸ್ವಲ್ಪ ದಿನ ಬೇಕು.

ಪ್ರಶ್ನೆ (ದ್ರಾಕ್ಷಿ ಬೆಳೆಗಾರರು): ನಮ್ಮ ಬೇದಾಣಿ ಶೆಡ್‌ನಲ್ಲಿ ಭಾನುವಾರ, ರಜೆ ದಿನ ಊರಿನ ಹುಡುಗಿಯರು ಬಂದು ಒಣದ್ರಾಕ್ಷಿ ಆರಿಸುತ್ತಾರೆ. ಹನ್ನೆರಡು-ಹದಿಮೂರು ವರ್ಷ. ತಾಯಂದಿರೇ ಕರೆತರುತ್ತಾರೆ. ನೆರಳಿನಲ್ಲಿ ಕೂತು ಮಾಡುವ ಹಗುರ ಕೆಲಸ, ಅವರ ವಹಿ-ಪೆನ್ನಿಗೆ ದುಡ್ಡಾಗುತ್ತದೆ. ಇದೂ ತಪ್ಪಾ?

ಉತ್ತರ: ನೀವು ಕೆಟ್ಟ ಮನಸ್ಸಿನಿಂದ ಮಾಡುತ್ತಿಲ್ಲ ಅಂತ ಗೊತ್ತು. ಆದರೂ ತಪ್ಪು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ತುಂಬದ ಮಗುವನ್ನು ಯಾವ ಕೂಲಿ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಮನೆಯವರ ಉದ್ಯೋಗದಲ್ಲಿ ಶಾಲೆಯ ಹೊತ್ತು ಮುಗಿದ ಮೇಲೆ, ರಜೆಯಲ್ಲಿ ಸಹಾಯ ಮಾಡಬಹುದು ಅಂತ ಒಂದು ವಿನಾಯಿತಿ ಇದೆ. ನಿಮ್ಮ ಶೆಡ್ ಆ ಹುಡುಗಿಯರ ಮನೆಯ ಉದ್ಯೋಗ ಅಲ್ಲ. ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಅದು ಇಟ್ಟುಕೊಂಡವರಿಗೆ.

ಕಾನೂನು ಬದಿಗಿಡಿ. ಬೇದಾಣಿ ಹಂಗಾಮು ಫೆಬ್ರವರಿಯಿಂದ ಏಪ್ರಿಲ್. ಪರೀಕ್ಷೆಯೂ ಅದೇ ಹೊತ್ತಿಗೆ. ಭಾನುವಾರ ಬಂದವಳನ್ನು ಸೋಮವಾರ "ಇವತ್ತೊಂದು ದಿನ, ಮೋಡ ಬರ್ತಿದೆ, ಮಾಲು ಎತ್ತಬೇಕು" ಅಂತ ನಿಲ್ಲಿಸಿಕೊಳ್ಳುವುದು ನಾನೇ ನೋಡಿದ್ದೇನೆ. ಗಂಧಕದ ಹೊಗೆ ಕೊಟ್ಟ ಮಾಲಿನ ಹತ್ತಿರ ದಿನವಿಡೀ ಕೂತ ಹುಡುಗಿ ಮರುದಿನ ತರಗತಿಯಲ್ಲಿ ಕೆಮ್ಮುತ್ತಾ, ಕಣ್ಣು ಉಜ್ಜುತ್ತಾ ಕೂತಿದ್ದನ್ನೂ ನೋಡಿದ್ದೇನೆ. ನಿಮಗೆ ನಿಜವಾಗಿ ಅವರಿಗೆ ಸಹಾಯ ಮಾಡಬೇಕು ಅನಿಸಿದರೆ ತಾಯಿಗೆ ಕೂಲಿ ನಾಲ್ಕು ರೂಪಾಯಿ ಜಾಸ್ತಿ ಕೊಡಿ. ವಹಿ-ಪೆನ್ನು ಅದರಲ್ಲಿ ಬರುತ್ತದೆ.

ಪ್ರಶ್ನೆ (ಸೊಲ್ಲಾಪುರದಿಂದ): ನಾನು ಮನೆಯಲ್ಲೇ ಬೀಡಿ ಕಟ್ಟುತ್ತೇನೆ. ಮಗಳು ಶಾಲೆಯಿಂದ ಬಂದ ಮೇಲೆ ಎಲೆ ಕತ್ತರಿಸಿ ಕೊಡುತ್ತಾಳೆ, ಬಾಯಿ ಮಡಚುತ್ತಾಳೆ. ಇದು ಮನೆ ಕೆಲಸವೇ ತಾನೇ?

ಉತ್ತರ: ಅಲ್ಲ ತಾಯಿ. ಮನೆಯ ಉದ್ಯೋಗದ ವಿನಾಯಿತಿ ಅಪಾಯದ ಕೆಲಸಗಳಿಗೆ ಇಲ್ಲ, ಬೀಡಿ ಆ ಪಟ್ಟಿಯಲ್ಲಿದೆ. ತಂಬಾಕಿನ ಧೂಳು ನಿಮಗೇ ಒಳ್ಳೆಯದಲ್ಲ, ಮಗುವಿಗೆ ಇನ್ನೂ ಕೆಟ್ಟದ್ದು. ಸಾವಿರ ಬೀಡಿ ಮುಗಿಯದಿದ್ದರೆ ಆ ದಿನದ ಕೂಲಿ ಇಲ್ಲ ಅಂತ ನನಗೂ ಗೊತ್ತು. ನಿಮ್ಮ ಹತ್ತಿರ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದೆಯಾ? ಇದ್ದರೆ ಮಗಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ, ಒಂದನೇ ಇಯತ್ತೆಯಿಂದಲೇ. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಶಾಲೆಯವರನ್ನೇ ಕೇಳಿ, ಹಾಕಿಕೊಡುತ್ತಾರೆ. ಚೀಟಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಪ್ರಶ್ನೆ (ಅಕ್ಕಲಕೋಟ ತಾಲೂಕಿನ ಹುಡುಗಿ): ಅಕ್ಕೋರೆ, ಇದು ಅಕ್ಕನ ಫೋನ್. ನನಗೆ 15. ಏಳನೆ ಮುಗಿಸಿ ಬಿಟ್ಟೆ. ತಾಯಿಗೆ ಆಪರೇಷನ್ ಆಗಿತ್ತು, ಮನೆ ಕೆಲಸ, ಆಮೇಲೆ ತೊಗರಿ ಹೊಲಕ್ಕೆ ಕೂಲಿ. ಈಗ ಮತ್ತೆ ಓದಬೇಕು. ಚಿಕ್ಕವರ ಜೊತೆ ಎಂಟನೆಯಲ್ಲಿ ಕೂರಲು ನಾಚಿಕೆ. ಆಗುತ್ತಾ?

ಉತ್ತರ: ಆಗುತ್ತದೆ ಮಗಳೇ. ನಿನ್ನ ಪ್ರಶ್ನೆ ಓದಿ ನನಗೆ ತುಂಬಾ ಸಂತೋಷವಾಯಿತು.

ಎರಡು ದಾರಿ ಇವೆ. ಹೈಸ್ಕೂಲಿಗೆ ಹೋಗಿ ಸೇರುವುದು ಒಂದು. ಹೈಸ್ಕೂಲು ಬೇರೆ ಊರಲ್ಲಿದ್ದರೆ ಚಿಂತೆ ಬೇಡ, ಐದರಿಂದ ಹನ್ನೆರಡನೆಯವರೆಗೆ ಓದುವ ಹುಡುಗಿಯರಿಗೆ ಎಸ್‌ಟಿ (ರಾಜ್ಯ ಸಾರಿಗೆ) ಬಸ್ಸಿನಲ್ಲಿ ಅಹಿಲ್ಯಾಬಾಯಿ ಹೋಳ್ಕರ್ ಹೆಸರಿನ ಉಚಿತ ಪಾಸ್ ಇದೆ. ಇನ್ನೊಂದು ದಾರಿ ಹೊರಗಿನಿಂದ ಹತ್ತನೆ ಕಟ್ಟುವುದು. ಅದಕ್ಕೆ ಬೋರ್ಡಿನ 17 ನಂಬರ್ ಅರ್ಜಿ ತುಂಬಬೇಕು. ಐದನೆ ಪಾಸಾಗಿ, 14 ತುಂಬಿರಬೇಕು, ನಿನಗೆ ಎರಡೂ ಆಗಿದೆ. ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಶಾಲೆಗೇ ಹೋಗು. ಮನೆಯಲ್ಲಿ ಕೂತು ಓದುತ್ತೇನೆ ಅಂದ ಹುಡುಗಿಯನ್ನು ಮನೆಯವರು ಓದಲು ಬಿಡುವುದು ಕಡಿಮೆ. "ಪುಸ್ತಕ ಆಮೇಲೆ ಹಿಡಿ, ಮೊದಲು ರೊಟ್ಟಿ" ಅಂತಾರೆ. ಶಾಲೆಗೆ ಹೋದರೆ ಆರು ಗಂಟೆಯಾದರೂ ನಿನ್ನದಾಗಿರುತ್ತದೆ. ನಾಚಿಕೆ ಹದಿನೈದು ದಿನ ಇರುತ್ತದೆ, ಆಮೇಲೆ ಹೋಗುತ್ತದೆ. ನನ್ನ ತರಗತಿಯಲ್ಲಿ ಎರಡು ವರ್ಷ ದೊಡ್ಡವಳೊಬ್ಬಳು ಇದ್ದಳು. ಉಳಿದವರು ಮೊದಲು ನಕ್ಕರು. ಆಮೇಲೆ ಬಾಜಾರದ ಲೆಕ್ಕ ಎಲ್ಲ ಅವಳ ಹತ್ತಿರವೇ ಕೇಳುತ್ತಿದ್ದರು, ಕೂಲಿ ಹಂಚಿ ಅವಳಿಗೆ ರೂಢಿಯಾಗಿತ್ತು.

ಯಾರಾದರೂ ಮದುವೆಗೆ ಅವಸರ ಮಾಡಿದರೆ, ಹೊಡೆದು ಕೂಲಿಗೆ ಕಳಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ದುಡ್ಡು ಬೀಳುವುದಿಲ್ಲ. ನೀನೇ ಮಾಡಬಹುದು.

ಮತ್ತೆ ಉಮದಿ ಕಡೆಯವರು: ಅಕ್ಕೋರೆ, ಭಾವ ಪೂರ್ತಿ ಒಪ್ಪಿಲ್ಲ. ಆದರೆ ಮುಕಾದಮನ ವಹಿಯ ಮಾತು ಹೇಳಿದ ಮೇಲೆ "ದೀಪಾವಳಿವರೆಗೆ ಇರಲಿ, ನೋಡೋಣ" ಅಂದರು. ಅಕ್ಕ ಟೋಳಿಯ ಇನ್ನಿಬ್ಬರು ತಾಯಂದಿರ ಹತ್ತಿರ ಮಾತಾಡಿದ್ದಾಳೆ. ಒಬ್ಬ ಅಜ್ಜಿ ಬರುತ್ತೇನೆ ಅಂದಿದ್ದಾಳಂತೆ.

ಉತ್ತರ: ಆ ಅಜ್ಜಿಗೆ ವಾರಕ್ಕೆ ಎಷ್ಟು ಕೊಡುತ್ತಾರೆ ಅಂತ ಈಗಲೇ ಎಲ್ಲರ ಮುಂದೆ ಮಾತಾಡಿಕೊಳ್ಳಲಿ. ಇಲ್ಲದಿದ್ದರೆ ನಡುವೆ ಜಗಳವಾಗಿ ಆಕೆ ವಾಪಸ್ ಬರುತ್ತಾಳೆ, ಆಮೇಲೆ ಹುಡುಗಿಗೇ ಕರೆ ಬರುತ್ತದೆ. ಭಾವ "ದೀಪಾವಳಿವರೆಗೆ" ಅಂದಿದ್ದಾರಲ್ಲ, ಅಷ್ಟರಲ್ಲಿ ಹಂಗಾಮಿ ವಸತಿಗೃಹದ ಪಟ್ಟಿಯಲ್ಲಿ ಅವಳ ಹೆಸರು ಬರೆಸಿ. ಶಾಲೆಯ ಫೋನ್ ನಂಬರ್ ಅಜ್ಜಿಯ ಮನೆಯ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ರವಿವಾರ ರಾತ್ರಿ ತಾಯಿ-ಮಗಳು ಫೋನಿನಲ್ಲಿ ಮಾತಾಡಲಿ, ಮಗಳು ಆ ವಾರದ ಒಂದು ಲೆಕ್ಕ ತಾಯಿಗೆ ಹೇಳಲಿ. ಶೇಕಡಾ ಪಾಠ ಬಂದಾಗ ನನಗೆ ತಿಳಿಸಿ. ನನ್ನ ಹತ್ತಿರ ಹಳೆಯ ಅಭ್ಯಾಸದ ವಹಿಗಳಿವೆ, ಉಮದಿ ಬಸ್ಸಿನಲ್ಲಿ ಕಳಿಸುತ್ತೇನೆ.